ವೇಲಾ ಶಬ್ದದ ಅರ್ಥವೂ ಕಡಲಬಂಡೆಗಳ ಜೀವವರ್ಗವೂ

೧. ಶಬ್ದವಿಚಾರ

ಸಂಸ್ಕೃತದ ‘ವೇಲಾ’ ಶಬ್ದವು ಕಾವ್ಯಪಾಠದಲ್ಲಿ ಬಂದಾಗ ಅದಕ್ಕೆ ‘ಸಮುದ್ರತೀರ’ ಅಥವಾ ‘ದಡ’ ಎಂದು ಅರ್ಥ ಹೇಳಿ ಮುಂದೆ ಸಾಗುವುದು ಸಾಮಾನ್ಯವಾದ ರೂಢಿ. ಈ ಅರ್ಥವು ತಪ್ಪೆಂದು ಹೇಳುವಂತಿಲ್ಲ. ರಘುವಂಶದ ಮೊದಲನೆಯ ಸರ್ಗದಲ್ಲಿ ದಿಲೀಪನು ಆಳಿದ ಭೂಮಿಯನ್ನು ಒಂದು ನಗರಕ್ಕೆ ಹೋಲಿಸಿ, ಸಮುದ್ರವನ್ನು ಅದರ ಕಂದಕವನ್ನಾಗಿಯೂ ವೇಲೆಯನ್ನು ಅದರ ಕೋಟೆಯನ್ನಾಗಿಯೂ ವರ್ಣಿಸಿರುವೆಡೆಯಲ್ಲಿ ತೀರವೆಂಬ ಅರ್ಥವೇ ಸಮಂಜಸವಾದುದು. ಆದರೆ ಸಮುದ್ರವು ವೇಲೆಯನ್ನು ಎಂದಿಗೂ ಅತಿಕ್ರಮಿಸುವುದಿಲ್ಲವೆಂದು ಹೇಳಿ, ಅದನ್ನು ಸತ್ಪುರುಷರ ನಡತೆಗೂ ಧರ್ಮಿಷ್ಠರಾದ ಅರಸರ ಆಳಿಕೆಗೂ ಉಪಮಾನವನ್ನಾಗಿ ಮಾಡುವ ಕವಿಸಮಯವೊಂದುಂಟು. ಅಲ್ಲಿಯೂ ವೇಲೆಯೆಂದರೆ ದಡವೆಂದೇ ಹೇಳಿದರೆ ಉಪಮೆಯು ಕುಸಿದು ಬೀಳುತ್ತದೆ. ಏಕೆಂದರೆ, ಕಡಲ ದಂಡೆಯಲ್ಲಿ ಒಂದು ಹಗಲನ್ನು ಕಳೆದ ಬಾಲಕನೂ ಬಲ್ಲಂತೆ, ಸಮುದ್ರವು ದಡವನ್ನು ಏರುತ್ತದೆ, ಮತ್ತೆ ಇಳಿಯುತ್ತದೆ. ಬೆಳಗ್ಗೆ ಕಾಲಾಡಿದ ನೆಲ ಮಧ್ಯಾಹ್ನಕ್ಕೆ ನೀರಿನಡಿಯಲ್ಲಿರುತ್ತದೆ. ನಿತ್ಯವೂ ದಡವನ್ನು ಮೀರುವ ಸಮುದ್ರವನ್ನು ಮೀರದಿರುವಿಕೆಗೆ ಉಪಮಾನವನ್ನಾಗಿ ಕವಿಗಳು ಹೇಗೆ ಹಿಡಿದರೆಂಬ ಪ್ರಶ್ನೆಯು ವಿದ್ಯಾರ್ಥಿಯಿಂದ ಬಂದರೆ ಅದಕ್ಕೆ ಸಮಾಧಾನ ಹೇಳಬೇಕಾಗುತ್ತದೆ.

ಸಮಾಧಾನವು ಅಮರಕೋಶದಲ್ಲಿಯೇ ಇದೆ. ನಾನಾರ್ಥವರ್ಗದಲ್ಲಿ ವೇಲಾ ಶಬ್ದಕ್ಕೆ ಮೂರು ಅರ್ಥಗಳನ್ನು ಹೇಳಿದೆ: ಸಮುದ್ರಜಲದ ವಿಕಾರ, ಕಾಲ, ಮರ್ಯಾದೆ. ಸಮುದ್ರಜಲದ ವಿಕಾರವೆಂದರೆ ಕನ್ನಡ ಕರಾವಳಿಯವರು ಭರತ-ಇಳಿತವೆಂದೂ ಉಬ್ಬರ-ಇಳಿತವೆಂದೂ ಕರೆಯುವ ನೀರಿನ ಏರಿಳಿತ. ಮರ್ಯಾದೆಯೆಂದರೆ ಎಲ್ಲೆ, ಮೇರೆ. ಧಾತುಪಾಠವನ್ನು ನೋಡಿದರೆ ಇನ್ನೊಂದು ವಿಶೇಷವು ಕಂಡುಬರುತ್ತದೆ. ಈ ರೂಪದ ಧಾತುವೊಂದು ಭ್ವಾದಿಗಣದಲ್ಲಿ ಚಲನಾರ್ಥದಲ್ಲಿದೆ. ಚುರಾದಿಗಣದಲ್ಲಿ ಕಾಲವನ್ನು ತಿಳಿಸುವುದೆಂಬ ಅರ್ಥದಲ್ಲಿದೆ. ಎಲ್ಲೆಯನ್ನು ಹೇಳುವ ಶಬ್ದಕ್ಕೆ ಚಲನೆಯನ್ನು ಹೇಳುವ ಧಾತುವು ಸಂಬಂಧಿಯಾಗಿರುವುದು ಗಮನಾರ್ಹವಾಗಿದೆ. ಕನ್ನಡವು ಈ ಶಬ್ದವನ್ನು ತದ್ಭವ ಮಾಡಿಕೊಂಡು ‘ವೇಳೆ’ ಎಂದಾಗ ಮೂರು ಅರ್ಥಗಳಲ್ಲಿ ಕಾಲವೊಂದನ್ನೇ ಬಳಕೆಯಲ್ಲಿ ಉಳಿಸಿಕೊಂಡಿತು. ಇಂಗ್ಲಿಷಿನಲ್ಲಿ ಇದಕ್ಕೆ ವಿಪರೀತವಾದ ಗತಿಯುಂಟಾಗಿದೆ. ಉಬ್ಬರವಿಳಿತಗಳಿಗೆ ಆ ಭಾಷೆಯವರು ಹೇಳುವ ‘ಟೈಡ್’ ಎಂಬ ಶಬ್ದಕ್ಕೆ ಮೂಲದಲ್ಲಿ ಕಾಲವೆಂದೇ ಅರ್ಥ. ಕಾಲವಾಚಕವಾದ ಜರ್ಮನ್ ಭಾಷೆಯ ‘ತ್ಸೈಟ್’ ಎಂಬುದು ಅದರ ದಾಯಾದಿ ಶಬ್ದ. ಕನ್ನಡದಲ್ಲಿ ಕಡಲು ಮರೆಯಾಗಿ ಕಾಲ ಉಳಿಯಿತು. ಇಂಗ್ಲಿಷಿನಲ್ಲಿ ಕಾಲ ಮರೆಯಾಗಿ ಕಡಲು ಉಳಿಯಿತು.

ಹಾಗಾದರೆ ಏರಿಳಿತ, ಕಾಲ, ಮರ್ಯಾದೆ ಎಂಬ ಮೂರೂ ಒಂದೇ ಶಬ್ದದಲ್ಲಿ ಆಕಸ್ಮಿಕವಾಗಿ ಸೇರಿದವೋ, ಅಥವಾ ಅವುಗಳಿಗೆ ವಸ್ತುತಃ ಒಂದು ಸಂಬಂಧವುಂಟೋ ಎಂಬುದನ್ನು ವಿಚಾರಿಸಬೇಕು. ಇದಕ್ಕೆ ಕೋಶಕ್ಕಿಂತ ಹೆಚ್ಚಿನ ಪ್ರಮಾಣವು ಕಡಲಬಂಡೆಗಳ ಮೇಲೆ ದೊರೆಯುತ್ತದೆ. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ಶಿಲಾಮಯವಾದ ತೀರಭಾಗವನ್ನು ಈ ಲೇಖನದಲ್ಲಿ ವೇಲಾಭೂಮಿಯೆಂದು ಕರೆಯಲಾಗಿದೆ. ಅಲ್ಲಿ ಬಾಳುವ ಸಸ್ಯಪ್ರಾಣಿಗಳ ನೆಲೆಯನ್ನು ಕುರಿತು ಜೀವಶಾಸ್ತ್ರಜ್ಞರು ಕಂಡುಕೊಂಡಿರುವ ವಿಷಯಗಳು ಈ ಶಬ್ದಕ್ಕೆ ಒಂದು ಭಾಷ್ಯದಂತಿವೆ.

೨. ಏರಿಳಿತವೂ ಕಾಲವೂ

ಚಂದ್ರೋದಯದಲ್ಲಿ ಕಡಲು ಉಕ್ಕುವುದೆಂಬುದು ಕವಿಗಳಿಗೆ ಸುಪರಿಚಿತವಾದ ವಿಷಯ. ಅದರ ಕಾರಣವಿಷ್ಟು. ಚಂದ್ರನ ಆಕರ್ಷಣವು ಭೂಮಿಯ ಎಲ್ಲ ಭಾಗಗಳ ಮೇಲೂ ಸಮನಾಗಿರುವುದಿಲ್ಲ. ಚಂದ್ರನಿಗೆ ಅಭಿಮುಖವಾದ ಪಾರ್ಶ್ವದ ನೀರು ಭೂಮಿಯ ಕೇಂದ್ರಕ್ಕಿಂತ ಹೆಚ್ಚಾಗಿ ಸೆಳೆಯಲ್ಪಡುತ್ತದೆ; ವಿಮುಖವಾದ ಪಾರ್ಶ್ವದ ನೀರು ಕೇಂದ್ರಕ್ಕಿಂತ ಕಡಮೆಯಾಗಿ ಸೆಳೆಯಲ್ಪಟ್ಟು ಹಿಂದುಳಿಯುತ್ತದೆ. ಆದುದರಿಂದ ಎರಡು ಕಡೆಗಳಲ್ಲಿಯೂ ನೀರು ಉಬ್ಬುತ್ತದೆ. ಭೂಮಿಯು ಒಮ್ಮೆ ತಿರುಗುವಷ್ಟರಲ್ಲಿ ಚಂದ್ರನೂ ತನ್ನ ಕಕ್ಷೆಯಲ್ಲಿ ಸ್ವಲ್ಪ ಮುಂದೆ ಹೋಗಿರುವುದರಿಂದ ಚಂದ್ರನಿಗೆ ಸಂಬಂಧಪಟ್ಟ ದಿನವು ೨೪ ಗಂಟೆ ೫೦ ನಿಮಿಷಗಳಷ್ಟಾಗುತ್ತದೆ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ಸುಮಾರು ೧೨ ಗಂಟೆ ೨೫ ನಿಮಿಷಗಳ ಅಂತರವಿರುತ್ತದೆ. ಸೂರ್ಯನಿಗೂ ಆಕರ್ಷಣವಿದೆ. ಅಮಾವಾಸ್ಯೆಯಲ್ಲಿಯೂ ಹುಣ್ಣಿಮೆಯಲ್ಲಿಯೂ ಸೂರ್ಯ, ಚಂದ್ರ, ಭೂಮಿಗಳು ಹೆಚ್ಚುಕಡಮೆ ಒಂದೇ ರೇಖೆಯಲ್ಲಿ ಬರುವುದರಿಂದ ಆ ಪರ್ವಗಳ ಸಮಯದಲ್ಲಿ ಉಬ್ಬರವು ಅತ್ಯಧಿಕವಾಗಿಯೂ ಇಳಿತವು ಅತ್ಯಂತ ಆಳವಾಗಿಯೂ ಇರುತ್ತವೆ. ಅಷ್ಟಮಿಯ ಸುಮಾರಿಗೆ ಎರಡೂ ಮಂದವಾಗುತ್ತವೆ. ಕವಿಗಳು ಪೂರ್ಣಚಂದ್ರನನ್ನು ಕಂಡು ಉಕ್ಕುವ ಕಡಲನ್ನೇ ಹೆಚ್ಚಾಗಿ ವರ್ಣಿಸಿದ್ದಾರೆ. ಆದರೆ ಚಂದ್ರನು ಕಣ್ಣಿಗೆ ಕಾಣದ ಅಮಾವಾಸ್ಯೆಯಲ್ಲಿಯೂ ಕಡಲಿನ ಉಲ್ಲಾಸವು ಅಷ್ಟೇ ಪ್ರಬಲವಾದುದು.

ಈ ಏರಿಳಿತದ ಪ್ರಮಾಣವು ಎಲ್ಲೆಡೆಯೂ ಒಂದೇ ತೆರನಾಗಿಲ್ಲ. ಗುಜರಾತಿನ ಖಂಭಾತ ಕೊಲ್ಲಿಯ ಒಳಭಾಗದಲ್ಲಿ ಅದು ೧೦ ಮೀಟರುಗಳನ್ನು ಮಿಕ್ಕುವುದುಂಟು. ಕೆನಡಾ ದೇಶದ ಫಂಡಿ ಕೊಲ್ಲಿಯಲ್ಲಿ ಸುಮಾರು ೧೬ ಮೀಟರುಗಳನ್ನು ಮುಟ್ಟುತ್ತದೆ. ಕನ್ನಡ ಕರಾವಳಿಯಲ್ಲಿ ಪರ್ವಕಾಲದಲ್ಲಿಯೂ ಸುಮಾರು ೨ ಮೀಟರುಗಳು ಮಾತ್ರ. ಆದರೆ ಈ ಎರಡು ಮೀಟರುಗಳ ಬಂಡೆಯಲ್ಲಿಯೇ ಬೆರಳೆಣಿಕೆಗೆ ಸಿಕ್ಕದಷ್ಟು ಬಗೆಯ ಕಾಲಮಾನಗಳು ಅಡಗಿವೆ. ಬಂಡೆಯ ನೆತ್ತಿಯನ್ನು ನೀರು ಮುಟ್ಟುವುದು ಪರ್ವಕಾಲದ ಉಬ್ಬರದಲ್ಲಿ ಮಾತ್ರ; ಉಳಿದ ದಿನಗಳಲ್ಲಿ ಅಲ್ಲಿಗೆ ತುಂತುರಷ್ಟೇ ಗತಿ. ನಡುಭಾಗವು ಪ್ರತಿದಿನವೂ ಎರಡು ಬಾರಿ ಮುಳುಗಿ ಎರಡು ಬಾರಿ ತೆರೆದುಕೊಳ್ಳುತ್ತದೆ. ಬುಡವಾದರೋ ಪರ್ವಕಾಲದ ಇಳಿತದಲ್ಲಿ ಕೆಲವು ನಿಮಿಷಗಳ ಮಟ್ಟಿಗೆ ಗಾಳಿಯನ್ನು ಕಂಡು ಮತ್ತೆ ಮುಳುಗಿಬಿಡುತ್ತದೆ. ಹೀಗೆ ವೇಲಾಭೂಮಿಯಲ್ಲಿ ಒಂದು ಗೇಣು ಮೇಲೆ ಹೋಗುವುದೆಂದರೆ ಬಿಸಿಲಿನಲ್ಲಿ ಕಳೆಯಬೇಕಾದ ವೇಳೆಯು ಅಷ್ಟು ಹೆಚ್ಚುವುದೆಂದೇ ಅರ್ಥ. ಅಲ್ಲಿ ಎತ್ತರವೇ ಕಾಲ. ವೇಲಾ ಶಬ್ದದ ಮೊದಲನೆಯ ಎರಡು ಅರ್ಥಗಳಿಗೆ ಇರುವ ಸಂಬಂಧವು ಇಷ್ಟರಿಂದಲೇ ಸ್ಪಷ್ಟವಾಗುತ್ತದೆ.

೩. ಬಂಡೆಯ ನಿವಾಸಿಗಳು

ಮರಳಿನ ತೀರದಲ್ಲಿ ಈ ಕ್ರಮವು ಕಣ್ಣಿಗೆ ಬೀಳುವುದಿಲ್ಲ. ಏಕೆಂದರೆ ಮರಳು ಅಲೆಯೊಡನೆ ಸರಿಯುತ್ತದೆ, ಅಲ್ಲಿನ ಪ್ರಾಣಿಗಳು ಹೂತುಕೊಂಡು ಬದುಕುತ್ತವೆ. ಬಂಡೆಯು ಸ್ಥಿರವಾದುದು. ಅದರ ಮೇಲೆ ಅಂಟಿಕೊಂಡವುಗಳ ಸಾಲು ಲಿಪಿಯಂತೆ ಓದಲು ಸಿಕ್ಕುತ್ತದೆ. ಕಾರವಾರದ ಗುಡ್ಡಗಳು ಕಡಲಿಗೆ ಚಾಚಿರುವ ಕಡೆ, ಗೋಕರ್ಣ, ಮುರುಡೇಶ್ವರಗಳಲ್ಲಿ, ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳ ಕಂಬದಂತಹ ಜ್ವಾಲಾಶಿಲೆಗಳ ಮೇಲೆ, ಉಳ್ಳಾಲದ ಬಳಿಯ ಸೋಮೇಶ್ವರದ ಬಂಡೆಗಳಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು.

ಎಲ್ಲಕ್ಕಿಂತ ಮೇಲೆ ಬಂಡೆಯು ಕಪ್ಪಾಗಿರುತ್ತದೆ. ಅದು ಕಲ್ಲಿನ ಬಣ್ಣವಲ್ಲ. ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದಂತಹ ಸೂಕ್ಷ್ಮಜೀವಿಗಳ ಲೇಪ. ಅದನ್ನು ಹೆರೆದು ತಿನ್ನುವ ಲಿಟ್ಟೊರೈನ ಎಂಬ ಕಾಳುಮೆಣಸಿನಂತಹ ಚಿಕ್ಕ ಶಂಖಗಳು ಬಿರುಕುಗಳಲ್ಲಿ ಗುಂಪುಗೂಡಿರುತ್ತವೆ. ಇಳಿತದಲ್ಲಿ ಈ ಪ್ರಾಣಿಯು ತನ್ನ ಚಿಪ್ಪಿನ ಬಾಯನ್ನು ಒಂದು ಮುಚ್ಚಳದಿಂದ ಮುಚ್ಚಿ, ಚಿಪ್ಪಿನ ಅಂಚನ್ನು ಲೋಳೆಯಿಂದ ಕಲ್ಲಿಗೆ ಅಂಟಿಸಿ, ಒಳಗಣ ತೇವವನ್ನು ಕಾಪಾಡಿಕೊಂಡು ದಿನಗಟ್ಟಳೆ ನಿಶ್ಚಲವಾಗಿರಬಲ್ಲುದು. ಏಡಿಗಳೂ ಲೈಜಿಯ ಎಂಬ ಬಹುಪಾದದ ಚಿಕ್ಕ ಪ್ರಾಣಿಗಳೂ ಅಲ್ಲಿ ಓಡಾಡಿಕೊಂಡಿರುತ್ತವೆ.

ಅದಕ್ಕೆ ಕೆಳಗೆ ಬಾರ್ನಕಲ್ ಎಂಬ ಪ್ರಾಣಿಗಳ ಬಿಳಿಯ ಪಟ್ಟಿಯಿದೆ. ಬರಿಗಾಲಿನಲ್ಲಿ ಬಂಡೆಯನ್ನೇರಿದವರ ಅಂಗಾಲನ್ನು ಕೊಯ್ಯುವ, ಜ್ವಾಲಾಮುಖಿಯ ಆಕಾರದ ಚೂಪಾದ ಚಿಪ್ಪುಗಳು ಇವೇ. ಇವನ್ನು ಬಹುಕಾಲ ಸಿಂಪಿಯ ಜಾತಿಗೆ ಸೇರಿದವೆಂದು ಪಂಡಿತರು ಎಣಿಸಿದ್ದರು. ೧೮೩೦ರಲ್ಲಿ ಜಾನ್ ವಾನ್ ಥಾಂಪ್ಸನ್ ಎಂಬವರು ಇವುಗಳ ಮರಿಗಳನ್ನು ಪರೀಕ್ಷಿಸಿ, ಇವು ಏಡಿ ಸಿಗಡಿಗಳ ಬಳಗದವೆಂದು ತೋರಿಸಿಕೊಟ್ಟರು. ಚಾರ್ಲ್ಸ್ ಡಾರ್ವಿನ್ನರು ೧೮೪೬ರಿಂದ ೧೮೫೪ರ ವರೆಗೆ ಎಂಟು ವರ್ಷಗಳನ್ನು ಈ ಒಂದು ವರ್ಗದ ಅಭ್ಯಾಸಕ್ಕಾಗಿ ಮೀಸಲಾಗಿಟ್ಟರು. ಇದರ ಮರಿಯು ನೀರಿನಲ್ಲಿ ಸ್ವಚ್ಛಂದವಾಗಿ ಈಜುತ್ತಿದ್ದು, ತಕ್ಕ ಸ್ಥಳವನ್ನು ಆರಿಸಿ, ತಲೆಯನ್ನು ಕಲ್ಲಿಗೆ ಅಂಟಿಸಿಕೊಂಡು ಸುತ್ತಲೂ ಸುಣ್ಣದ ಕೋಟೆಯನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ಸಾಯುವ ತನಕ ತಲೆಕೆಳಗಾಗಿದ್ದು, ಉಬ್ಬರ ಬಂದಾಗ ಬಾಗಿಲನ್ನು ತೆರೆದು ಗರಿಯಂತಹ ಕಾಲುಗಳಿಂದ ನೀರನ್ನು ಜಾಲಿಸಿ ಆಹಾರವನ್ನು ಹಿಡಿಯುತ್ತದೆ. ಒಮ್ಮೆ ಆರಿಸಿದ ಸ್ಥಳವನ್ನು ಅದು ಮತ್ತೆ ಬದಲಾಯಿಸಲಾರದು. ಈ ಸಂಗತಿಯು ಮುಂದಣ ವಿಚಾರಕ್ಕೆ ಮುಖ್ಯವಾದುದು.

ಬಾರ್ನಕಲ್ಲುಗಳ ನಡುವೆಯೂ ಕೆಳಗೂ ಕಲ್ಲಿಗೆ ಬೆಸೆದುಕೊಂಡ ಸಿಂಪಿಗಳಿರುತ್ತವೆ; ಕವುಚಿದ ಬಟ್ಟಲಿನಂತಹ ಚಿಪ್ಪುಳ್ಳ ಲಿಂಪೆಟ್‌ಗಳಿರುತ್ತವೆ. ಲಿಂಪೆಟ್ಟಿನ ಕೆಲವು ಜಾತಿಗಳು ಉಬ್ಬರದಲ್ಲಿ ಮೇಯಲು ಹೊರಟು ಇಳಿತಕ್ಕೆ ಮುಂಚೆ ಹೊರಟ ಸ್ಥಳಕ್ಕೇ ಮರಳುತ್ತವೆ. ಅಲ್ಲಿ ಚಿಪ್ಪಿನ ಅಂಚಿಗೂ ಕಲ್ಲಿಗೂ ಎಡೆಯಿಲ್ಲದಂತೆ ಸವೆದು ಕೂಡಿಕೊಂಡಿರುತ್ತದೆ. ಕಲ್ಲನ್ನು ಹೆರೆಯುವ ಇದರ ಹಲ್ಲುಗಳು ಕಬ್ಬಿಣದ ಒಂದು ಖನಿಜದಿಂದ ಕೂಡಿದವು. ಅವುಗಳ ದಾರ್ಢ್ಯವು ಅದುವರೆಗೆ ಪರೀಕ್ಷಿಸಿದ ಜೈವಿಕ ಪದಾರ್ಥಗಳೆಲ್ಲಕ್ಕಿಂತ ಮಿಗಿಲಾದುದೆಂದು ೧೯೧೫ರಲ್ಲಲ್ಲ, ತೀರ ಈಚೆಗೆ, ೨೦೧೫ರಲ್ಲಿ ನಿರ್ಣಯವಾಯಿತು. ಇನ್ನೂ ಕೆಳಗೆ ತುಳುವಿನಲ್ಲಿ ಪಚ್ಚಿಲೆಯೆಂದೂ ಉತ್ತರ ಕನ್ನಡದ ಕಡೆ ನೀಲಿಕಲ್ಲೆಂದೂ ಕರೆಯಲ್ಪಡುವ ಹಸುರು ಚಿಪ್ಪಿನ ಪ್ರಾಣಿಗಳು ದಾರದಂತಹ ಎಳೆಗಳಿಂದ ಬಂಡೆಯನ್ನು ಬಿಗಿದುಕೊಂಡು ಗೊಂಚಲುಗೊಂಚಲಾಗಿರುತ್ತವೆ. ಕರಾವಳಿಯ ಜನರು ಇವನ್ನು ಬಂಡೆಯಿಂದ ಬಿಡಿಸಿ ಆಹಾರಕ್ಕೆ ಬಳಸುವುದು ರೂಢಿಯಲ್ಲಿದೆ. ಬುಡದಲ್ಲಿ ಸಾರ್ಗಾಸಮ್ ಮುಂತಾದ ಕಂದುಬಣ್ಣದ ಶೈವಲಗಳೂ ಹೂವಿನಂತೆ ಅರಳಿ, ಮುಟ್ಟಿದರೆ ಮುದುಡುವ ಕಡಲಹೂವೆಂಬ ಪ್ರಾಣಿಗಳೂ ಮುಳ್ಳುಚೆಂಡಿನಂತಹ ಸಮುದ್ರಶಲ್ಯಕಗಳೂ ಇರುತ್ತವೆ.

ಉಷ್ಣದೇಶದ ಬಂಡೆಗಳಲ್ಲಿ ಶೈವಲಗಳು ಬೇಸಗೆಯ ಬಿಸಿಲಿಗೆ ಹೆದರಿ ಕೆಳಭಾಗವನ್ನೂ ಬಿರುಕುಗಳನ್ನೂ ಆಶ್ರಯಿಸುತ್ತವೆ. ಆದರೆ ಮಳೆಗಾಲದಲ್ಲಿ ಮೋಡವೂ ಭಾರಿ ಅಲೆಗಳ ತುಂತುರೂ ಬಂಡೆಯನ್ನು ಸದಾ ತೇವವಾಗಿಡುವುದರಿಂದ, ಕೊಂಕಣದಿಂದ ಹಿಡಿದು ಈ ಪಶ್ಚಿಮ ಕರಾವಳಿಯ ಬಂಡೆಗಳ ಮೇಲ್ಭಾಗಕ್ಕೆ ಪಾರ್ಫೈರ, ಅಲ್ವ ಎಂಬ ತೆಳುವಾದ ಎಲೆಯಂತಹ ಶೈವಲಗಳು ಏರಿಬರುತ್ತವೆ. ಮಳೆ ನಿಂತು ಬಿಸಿಲೇರಿದೊಡನೆ ಹಿಂಜರಿಯುತ್ತವೆ. ಚಂದ್ರನ ವೇಲೆಯೊಳಗೆ ಋತುವಿನ ವೇಲೆಯೊಂದು ಹೀಗೆ ಹೆಣೆದುಕೊಂಡಿದೆ.

ಟಿ. ಎ. ಸ್ಟೀಫನ್‌ಸನ್ ಮತ್ತು ಆನ್ ಸ್ಟೀಫನ್‌ಸನ್ ದಂಪತಿಗಳು ದಕ್ಷಿಣ ಆಫ್ರಿಕವೇ ಮೊದಲಾದ ದೇಶಗಳ ಕಡಲಬಂಡೆಗಳನ್ನು ಪರಿಶೀಲಿಸಿ ೧೯೪೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಜಾತಿಗಳು ದೇಶದಿಂದ ದೇಶಕ್ಕೆ ಬೇರೆಯಾದರೂ ಮೇಲೆ ಚಿಕ್ಕ ಶಂಖಗಳು, ನಡುವೆ ಬಾರ್ನಕಲ್ಲುಗಳು, ಕೆಳಗೆ ಶೈವಲಗಳು ಮತ್ತು ಅವುಗಳ ಸಂಗಾತಿಗಳು ಎಂಬ ಕ್ರಮವು ಭೂಮಂಡಲದಲ್ಲೆಲ್ಲ ವ್ಯಾಪಕವಾಗಿದೆಯೆಂದು ಪ್ರತಿಪಾದಿಸಿದರು.

ಇಲ್ಲಿ ಸಸ್ಯಗಳನ್ನೂ ಪ್ರಾಣಿಗಳನ್ನೂ ಬೇರ್ಪಡಿಸದೆ ಒಟ್ಟಿಗೆ ಹೇಳಿರುವುದು ಶಾಸ್ತ್ರವಿರುದ್ಧವೆಂದು ಕೆಲವರಿಗೆ ತೋರಬಹುದು. ಆದರೆ ಅಮರಸಿಂಹನ ಮಾರ್ಗವೂ ಇದೇ ಎಂಬುದು ಗಮನಾರ್ಹ. ನೆಲದ ಮೇಲಿನವುಗಳನ್ನು ಹೇಳುವಾಗ ಅವನು ಗಿಡಮರಗಳನ್ನು ವನೌಷಧಿವರ್ಗದಲ್ಲಿಯೂ ಮೃಗಪಕ್ಷಿಗಳನ್ನು ಸಿಂಹಾದಿವರ್ಗದಲ್ಲಿಯೂ ಬೇರೆಬೇರೆಯಾಗಿ ಇಟ್ಟನು. ನೀರಿಗೆ ಬಂದಾಗ ಮಾತ್ರ ಮೀನು, ಆಮೆ, ಏಡಿ, ಶಂಖ, ಶುಕ್ತಿ, ಶಂಬೂಕ, ಶೈವಲ, ಕಮಲ ಎಲ್ಲವನ್ನೂ ಒಂದೇ ವಾರಿವರ್ಗದಲ್ಲಿ ಸೇರಿಸಿದನು. ಅಂದರೆ ಅಲ್ಲಿ ನೆಲೆಯೇ ವರ್ಗಕ್ಕೆ ಆಧಾರ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಡ್ವರ್ಡ್ ರಿಕೆಟ್ಸ್ ಎಂಬವರು ಜ್ಯಾಕ್ ಕ್ಯಾಲ್ವಿನ್ನರೊಡನೆ ೧೯೩೯ರಲ್ಲಿ ಪ್ರಕಟಿಸಿದ ‘ಬಿಟ್ವೀನ್ ಪೆಸಿಫಿಕ್ ಟೈಡ್ಸ್’ ಎಂಬ ಗ್ರಂಥವೂ ಪ್ರಾಣಿಗಳನ್ನು ಕುಲಾನುಸಾರವಾಗಿ ವಿಂಗಡಿಸುವ ರೂಢಿಯನ್ನು ಬಿಟ್ಟು, ಅವು ವಾಸಿಸುವ ತೀರದ ಬಗೆಗೂ ಮಟ್ಟಕ್ಕೂ ಅನುಗುಣವಾಗಿ ವಿಂಗಡಿಸಿತು. ಜಾನ್ ಸ್ಟೈನ್‌ಬೆಕ್ಕರ ‘ಕ್ಯಾನರಿ ರೋ’ ಕಾದಂಬರಿಯಲ್ಲಿ ಬರುವ ಡಾಕ್ ಎಂಬ ಪಾತ್ರಕ್ಕೆ ಈ ರಿಕೆಟ್ಸರೇ ಮಾದರಿಯೆಂಬುದು ಸಾಹಿತ್ಯದ ಅಧ್ಯಾಪಕರಿಗೆ ಸ್ಮರಣಾರ್ಹವಾಗಿದೆ. ಎರಡು ಗ್ರಂಥಗಳ ಉದ್ದೇಶವೂ ಬೇರೆ, ಕಾಲವೂ ಬೇರೆ; ಆದರೂ ನೀರಿನ ಜೀವಿಗಳ ವಿಷಯದಲ್ಲಿ ಎರಡೂ ‘ಇದು ಯಾವ ಕುಲದ್ದು?’ ಎನ್ನುವುದಕ್ಕೆ ಮುಂಚೆ ‘ಇದು ಎಲ್ಲಿಯದು?’ ಎಂದು ಕೇಳುತ್ತವೆ.

೪. ಮರ್ಯಾದೆಯನ್ನು ಕಟ್ಟುವವರು

ಈಗ ಮೂರನೆಯ ಅರ್ಥವನ್ನು ವಿಚಾರಿಸಬೇಕು. ಬಂಡೆಯ ಮೇಲೆ ಒಂದೊಂದು ಜೀವಿಗೂ ಮೇಲೊಂದು ಎಲ್ಲೆ, ಕೆಳಗೊಂದು ಎಲ್ಲೆ ಇರುವುದು ಕಣ್ಣಿಗೆ ಕಾಣುತ್ತದೆ. ಈ ಎಲ್ಲೆಗಳನ್ನು ಹಾಕಿದವರಾರು? ಕಡಲೇ ತನ್ನ ಏರಿಳಿತದಿಂದ ಹಾಕಿತೆಂಬುದು ಮೊದಲಿಗೆ ತೋರುವ ಉತ್ತರ. ಮೇಲಿನ ಎಲ್ಲೆಯ ಮಟ್ಟಿಗೆ ಇದು ಬಹುತರವಾಗಿ ಸತ್ಯ. ಮೇಲಕ್ಕೆ ಹೋದಷ್ಟೂ ಶೋಷಣವೂ ತಾಪವೂ ಹೆಚ್ಚಿ ಪ್ರಾಣಿಯು ಸಾಯುತ್ತದೆ. ಆದರೆ ಕೆಳಗಿನ ಎಲ್ಲೆಗೆ ಈ ಕಾರಣವು ಹೊಂದುವುದಿಲ್ಲ. ಕಡಲಿನ ಪ್ರಾಣಿಗೆ ಕೆಳಗೆ ಹೋದಷ್ಟೂ ನೀರು ಹೆಚ್ಚು, ಆಹಾರ ಹೆಚ್ಚು, ಬಿಸಿಲು ಕಡಮೆ. ಸುಖವು ಹೆಚ್ಚುವೆಡೆಗೆ ಅದು ಏಕೆ ಹೋಗದು?

ಜೋಸೆಫ್ ಕಾನೆಲ್ ಎಂಬ ಅಮೆರಿಕದ ವಿಜ್ಞಾನಿಗಳು ಸ್ಕಾಟ್ಲೆಂಡಿನ ಕಂಬ್ರೆ ದ್ವೀಪದ ಮಿಲ್‌ಪೋರ್ಟಿನಲ್ಲಿ ೧೯೫೪-೫೫ರಲ್ಲಿ ಮಾಡಿ ೧೯೬೧ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟಿತು. ಅಲ್ಲಿ ಎರಡು ಬಗೆಯ ಬಾರ್ನಕಲ್ಲುಗಳಿವೆ. ಥ್ಯಾಮಲಸ್ ಎಂಬ ಚಿಕ್ಕದು ಮೇಲಿನ ಪಟ್ಟಿಯಲ್ಲಿಯೂ ಬ್ಯಾಲನಸ್ ಎಂಬ ದೊಡ್ಡದು ಕೆಳಗಿನ ಪಟ್ಟಿಯಲ್ಲಿಯೂ ಇರುತ್ತವೆ. ಚಿಕ್ಕದರ ಮರಿಗಳು ಕೆಳಗಿನ ಪಟ್ಟಿಯಲ್ಲಿಯೂ ನೆಲೆಗೊಳ್ಳುತ್ತವೆ. ಆದರೆ ಅಲ್ಲಿ ಬೆಳೆದು ದೊಡ್ಡವಾಗುವುದು ವಿರಳ. ಕಾನೆಲ್ಲರು ಒಂದೊಂದು ಪ್ರಾಣಿಯ ಸ್ಥಾನವನ್ನೂ ಗಾಜಿನ ಮೇಲೆ ಗುರುತುಮಾಡಿಕೊಂಡು, ಕೆಲವು ಕಲ್ಲುಗಳಲ್ಲಿ ಅರ್ಧಭಾಗದಿಂದ ಬ್ಯಾಲನಸ್ಸುಗಳನ್ನು ಕಿತ್ತುಹಾಕಿ, ಉಳಿದರ್ಧವನ್ನು ಇದ್ದಂತೆ ಬಿಟ್ಟು, ತಿಂಗಳುಗಟ್ಟಳೆ ನೋಡುತ್ತ ಬಂದರು. ಬ್ಯಾಲನಸ್ಸುಗಳಿದ್ದ ಕಡೆ ಅವು ವೇಗವಾಗಿ ಬೆಳೆದು ಚಿಕ್ಕವನ್ನು ಮುಚ್ಚಿದವು, ಅಡಿಯಿಂದ ಎಬ್ಬಿಸಿದವು, ಅಥವಾ ಒತ್ತಿ ಪುಡಿಮಾಡಿದವು. ಅವನ್ನು ಕಿತ್ತ ಕಡೆ ಥ್ಯಾಮಲಸ್ಸುಗಳು ಕೆಳಗೂ ಚೆನ್ನಾಗಿ ಬಾಳಿದವು. ಅಂದಮೇಲೆ ಅದರ ಕೆಳಗಿನ ಎಲ್ಲೆಯನ್ನು ಹಾಕಿದುದು ಕಡಲಲ್ಲ, ನೆರೆಯವನು. ಬ್ಯಾಲನಸ್ಸಾದರೋ ಒಣಗನ್ನು ಅಷ್ಟಾಗಿ ಸಹಿಸಲಾರದಾದುದರಿಂದ ಮೇಲಕ್ಕೆ ಹೋಗಲಾರದು. ಕೆಳಗೆ ಅದನ್ನು ಕೊರೆದು ತಿನ್ನುವ ಶಂಖವೊಂದು ಕಾದಿರುತ್ತದೆ. ದುರ್ಬಲವಾದುದು ಬಿಸಿಲನ್ನು ತಾಳುವ ಶಕ್ತಿಯಿಂದಲೇ ಪ್ರಬಲನ ಕೈಗೆ ಸಿಕ್ಕದೆ ಬದುಕಿದೆ.

ಇದಕ್ಕಿಂತಲೂ ವಿಸ್ಮಯಕರವಾದುದು ರಾಬರ್ಟ್ ಪೇಯ್ನರ ಪ್ರಯೋಗ. ಅಮೆರಿಕದ ವಾಯವ್ಯದಲ್ಲಿರುವ ವಾಷಿಂಗ್ಟನ್ ಸಂಸ್ಥಾನದಲ್ಲಿ, ಮಕಾ ಎಂಬ ಮೂಲನಿವಾಸಿಗಳ ನಾಡಿಗೆ ಸೇರಿದ ಮಕಾ ಕೊಲ್ಲಿಯ ಬಂಡೆಗಳ ಮೇಲೆ ಪೈಸಾಸ್ಟರ್ ಎಂಬ ದೊಡ್ಡ ನಕ್ಷತ್ರಮೀನುಗಳಿವೆ. ಇವು ಪಚ್ಚಿಲೆಯ ಜ್ಞಾತಿಯಾದ ಅಲ್ಲಿನ ಚಿಪ್ಪುಗಳನ್ನು ತಬ್ಬಿ ಎಳೆದು, ಸಂದು ಬಿಟ್ಟೊಡನೆ ತಮ್ಮ ಜಠರವನ್ನೇ ಹೊರಚಾಚಿ ಒಳಗಿನ ಮಾಂಸವನ್ನು ಜೀರ್ಣಿಸಿಕೊಳ್ಳುತ್ತವೆ. ೧೯೬೩ರ ಜೂನ್ ತಿಂಗಳಿನಿಂದ ಪೇಯ್ನರು ಸುಮಾರು ೮ ಮೀಟರು ಉದ್ದ, ೨ ಮೀಟರು ಎತ್ತರದ ಒಂದು ಭಾಗದಿಂದ ನಕ್ಷತ್ರಮೀನುಗಳನ್ನು ಬಿಡದೆ ತೆಗೆದುಹಾಕುತ್ತ ಬಂದರು. ಪಕ್ಕದ ಭಾಗವನ್ನು ಮುಟ್ಟಲಿಲ್ಲ. ಹಿಂಸ್ರಪ್ರಾಣಿಯು ತೊಲಗಿದರೆ ಉಳಿದವೆಲ್ಲವೂ ಸುಖವಾಗಿ ಹೆಚ್ಚಬೇಕೆಂದು ಯಾರಾದರೂ ಊಹಿಸುವರು. ನಡೆದುದು ಬೇರೆ. ನಕ್ಷತ್ರಮೀನಿನ ಭಯವಿಲ್ಲದ ಚಿಪ್ಪುಗಳು ಕೆಳಗಿಳಿದು ಬಂಡೆಯನ್ನೆಲ್ಲ ಆಕ್ರಮಿಸಿದವು. ಬಾರ್ನಕಲ್ಲುಗಳಿಗೂ ಶೈವಲಗಳಿಗೂ ಸ್ಥಳವಿಲ್ಲದಾಯಿತು. ೧೯೬೬ರ ಪ್ರಬಂಧದಲ್ಲಿ ಹೇಳಿರುವಂತೆ ಅಲ್ಲಿದ್ದ ೧೫ ಜಾತಿಗಳು ೮ಕ್ಕೆ ಇಳಿದವು. ಕಮಾನಿನ ನಡುವಣ ಕೀಲುಗಲ್ಲನ್ನು ತೆಗೆದರೆ ಕಮಾನು ಬೀಳುವಂತೆ, ಒಂದು ಜೀವಿಯನ್ನು ತೆಗೆದುದರಿಂದ ಇಡೀ ಸಮಾಜವು ಬಿದ್ದಿತು. ೧೯೬೯ರಲ್ಲಿ ಪೇಯ್ನರು ಇಂತಹ ಜೀವಿಗೆ ಆ ಕೀಲುಗಲ್ಲಿನ ಹೆಸರನ್ನೇ ಇಟ್ಟರು. ಆ ಪರಿಭಾಷೆಯು ಈಗ ಕಾಡು, ಹೊಳೆ, ಹುಲ್ಲುಗಾವಲುಗಳ ಶಾಸ್ತ್ರದಲ್ಲಿಯೂ ನೆಲೆಗೊಂಡಿದೆ.

ಮೇಲಿನ ಎಲ್ಲೆಯು ಪ್ರಕೃತಿಯಿಂದ, ಕೆಳಗಿನ ಎಲ್ಲೆಯು ಜೀವಿಗಳಿಂದ ಎಂಬುದು ಉತ್ಸರ್ಗ. ಇದಕ್ಕೆ ಅಪವಾದಗಳೂ ಉಂಟು. ಕೆಲವು ಶೈವಲಗಳ ಮೇಲಿನ ಎಲ್ಲೆಯು ಬಿಸಿಲಿನಿಂದಲ್ಲ, ಲಿಂಪೆಟ್‌ಗಳ ಮೇಯುವಿಕೆಯಿಂದ ಉಂಟಾದುದೆಂದು ಮುಂದೆ ಬೇರೆ ತೀರಗಳಲ್ಲಿ ತಿಳಿದುಬಂದಿದೆ. ಆದರೆ ಅಪವಾದವೂ ಮೂಲಸಿದ್ಧಾಂತವನ್ನೇ ದೃಢಪಡಿಸುತ್ತದೆ: ವೇಲಾಭೂಮಿಯ ಮರ್ಯಾದೆಗಳು ಕಲ್ಲಿನಲ್ಲಿ ಕೊರೆದವುಗಳಲ್ಲ, ಕಡಲು, ಬಿಸಿಲು, ನೆರೆಯವರು, ಶತ್ರುಗಳು ಎಂಬ ನಾಲ್ವರೂ ದಿನಕ್ಕೆರಡು ಬಾರಿ ಒತ್ತಿ ಹಿಡಿದಿರುವುದರಿಂದ ನಿಂತಿರುವಂತಹವು.

೫. ಮರ್ಯಾದೆಯು ಕದಲುವುದು

ಒತ್ತಿ ಹಿಡಿದ ಕೈಗಳಲ್ಲಿ ಒಂದು ಸಡಿಲಿದರೆ ಎಲ್ಲೆಯು ಸರಿಯಬೇಕಾದುದು ಸಹಜ. ಇದಕ್ಕೆ ಪ್ರಯೋಗದ ಅವಶ್ಯಕತೆಯೂ ಇಲ್ಲದಂತೆ ಈಚಿನ ಕಾಲವು ಉದಾಹರಣೆಗಳನ್ನು ಒದಗಿಸಿದೆ. ೨೦೧೩ರಿಂದ ಉತ್ತರ ಅಮೆರಿಕದ ಪಶ್ಚಿಮ ತೀರದುದ್ದಕ್ಕೂ ನಕ್ಷತ್ರಮೀನುಗಳಿಗೆ ಒಂದು ಕ್ಷಯವು ತಗುಲಿತು. ತೋಳುಗಳು ಕಳಚಿ, ಮೈ ಕರಗಿ, ಇಪ್ಪತ್ತಕ್ಕೂ ಹೆಚ್ಚು ಜಾತಿಗಳು ಪೀಡಿತವಾದವು. ಪೇಯ್ನರ ಪೈಸಾಸ್ಟರ್ ಕೂಡ ಅವುಗಳಲ್ಲಿ ಒಂದು. ಕೈಯಿಂದ ಎಂಟು ಮೀಟರುಗಳಲ್ಲಿ ಮಾಡಿದುದನ್ನು ರೋಗವು ಸಾವಿರಾರು ಮೈಲಿಗಳಲ್ಲಿ ಮಾಡಿತು. ಹನ್ನೆರಡು ವರ್ಷಗಳ ಅನಂತರ, ೨೦೨೫ರಲ್ಲಿ, ಸೂರ್ಯಕಾಂತಿ ನಕ್ಷತ್ರಮೀನೆಂಬ ಜಾತಿಯ ಮೇಲೆ ಮಾಡಿದ ಪರೀಕ್ಷೆಗಳಿಂದ ವಿಬ್ರಿಯೊ ಪೆಕ್ಟೆನಿಸಿಡಾ ಎಂಬ ಸೂಕ್ಷ್ಮಾಣುವು ಅದಕ್ಕೆ ಕಾರಣವೆಂದು ಪ್ರಕಟವಾಯಿತು.

ಎರಡನೆಯದು ತಾಪದ ವಿಷಯ. ೨೦೨೧ರ ಜೂನ್ ಕೊನೆಯಲ್ಲಿ ಅದೇ ತೀರದ ಉತ್ತರಭಾಗದಲ್ಲಿ ಅಸಾಧಾರಣವಾದ ಉಷ್ಣತೆಯುಂಟಾದಾಗ, ಆಳವಾದ ಇಳಿತವೂ ಹಗಲಿನಲ್ಲಿಯೇ ಒದಗಿತು. ಬಂಡೆಗಳ ಮೈ ೫೦ ಡಿಗ್ರಿಗಳನ್ನು ಮಿಕ್ಕಿ ಕಾಯಿತು. ಚಿಪ್ಪುಗಳೂ ಬಾರ್ನಕಲ್ಲುಗಳೂ ಬೆಂದು ಬಾಯ್ದೆರೆದು ಸತ್ತವು. ಸತ್ತ ಕಡಲಪ್ರಾಣಿಗಳ ಸಂಖ್ಯೆಯು ನೂರು ಕೋಟಿಯನ್ನು ಮೀರಬಹುದೆಂದು ಕೆನಡಾ ದೇಶದ ಜೀವಶಾಸ್ತ್ರಜ್ಞ ಕ್ರಿಸ್ಟಫರ್ ಹಾರ್ಲಿಯವರು ಅಂದಾಜುಮಾಡಿದರು. ತಾಪವೂ ಇಳಿತವೂ ಬೇರೆಬೇರೆ ವೇಳೆಯಲ್ಲಿ ಬಂದಿದ್ದರೆ ಅಷ್ಟು ಹಾನಿಯಾಗುತ್ತಿರಲಿಲ್ಲ. ಎರಡು ವೇಲೆಗಳು ಕೂಡಿದುದೇ ಅನರ್ಥಕ್ಕೆ ಕಾರಣವಾಯಿತು.

ಬಂಡೆಗೆ ಅಂಟಿದ ಪ್ರಾಣಿಯು ಓಡಿಹೋಗಲಾರದು. ಮೇಲಿನಿಂದ ತಾಪವು ಇಳಿದು ಬಂದರೆ ಅದರ ಮೇಲಿನ ಎಲ್ಲೆಯು ಕೆಳಗಿಳಿಯಬೇಕು. ಕೆಳಗೆ ಶತ್ರುವು ಇದ್ದಲ್ಲಿಯೇ ಇರುತ್ತಾನೆ. ನಡುವಣ ಪಟ್ಟಿಯು ಕಿರಿದಾಗುತ್ತ ಬಂದು ಒಂದು ದಿನ ಇಲ್ಲವೇ ಆಗಬಹುದು. ಏರಿಳಿತವು ಎರಡು ಮೀಟರಿನಷ್ಟೇ ಇರುವ ಕರಾವಳಿಯಲ್ಲಿ ಒಂದು ಗೇಣಿನ ನಷ್ಟವೂ ಸಣ್ಣದಲ್ಲ.

ಇಂಡಿಯಾ ದೇಶದ ಕಾನೂನು ಸಹ ಈ ಭೂಮಿಯನ್ನು ಗುರುತಿಸಿದೆ. ೧೯೮೬ರ ಪರಿಸರ ಸಂರಕ್ಷಣಾ ಅಧಿನಿಯಮದ ಮೇರೆಗೆ ೧೯೯೧ರಲ್ಲಿ ಹೊರಟ ಕರಾವಳಿ ನಿಯಂತ್ರಣದ ಅಧಿಸೂಚನೆಯು ಇಳಿತದ ಗೆರೆಗೂ ಉಬ್ಬರದ ಗೆರೆಗೂ ನಡುವಣ ನೆಲವನ್ನು ನಿಯಂತ್ರಣಕ್ಕೆ ಒಳಪಡಿಸಿತು. ೨೦೧೧ ಮತ್ತು ೨೦೧೯ರ ಅಧಿಸೂಚನೆಗಳು ಅದರ ಸ್ಥಾನದಲ್ಲಿ ಕ್ರಮವಾಗಿ ಬಂದವು. ಉಬ್ಬರದ ಗೆರೆಯೆಂದರೆ ಪರ್ವಕಾಲದ ಉಬ್ಬರದಲ್ಲಿ ನೀರು ಮುಟ್ಟುವ ಅತ್ಯುನ್ನತವಾದ ಗೆರೆಯೆಂದು ಲಕ್ಷಣವನ್ನು ಹೇಳಿದೆ. ಜಲವಿಕಾರದಿಂದ ಕಾಲವನ್ನೂ, ಕಾಲದಿಂದ ಮರ್ಯಾದೆಯನ್ನೂ ನಿರ್ಣಯಿಸುವ ಈ ಲಕ್ಷಣವು ವೇಲಾ ಶಬ್ದದ ಮೂರು ಅರ್ಥಗಳನ್ನೂ ತನಗೆ ತಿಳಿಯದೆಯೇ ಕೂಡಿಸಿಕೊಂಡಿದೆ.

೬. ಫಲಿತಾರ್ಥ

ಇಷ್ಟರಿಂದ ಅಮರಸಿಂಹನಿಗಾಗಲಿ ಕವಿಗಳಿಗಾಗಲಿ ಬಾರ್ನಕಲ್ಲುಗಳ ಕಲಹವು ತಿಳಿದಿತ್ತೆಂದು ಹೇಳುವುದು ಯುಕ್ತವಲ್ಲ. ಹಾಗೆ ಹೇಳುವುದರಿಂದ ಕೋಶಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಗೌರವವಿಲ್ಲ. ಅವರು ಕಂಡುದು ಕಡಲಿನ ಏರಿಳಿತವನ್ನು. ಅದು ತಪ್ಪದೆ ಕಾಲಕ್ಕೆ ಸರಿಯಾಗಿ ಬರುವುದನ್ನು. ಎಷ್ಟು ಉಕ್ಕಿದರೂ ಒಂದು ಮೇರೆಯಲ್ಲಿ ನಿಂತು ಹಿಂದಿರುಗುವುದನ್ನು. ಈ ಮೂರನ್ನೂ ಒಂದು ಶಬ್ದವು ಹೇಳಬಲ್ಲುದಾದುದು ಅವರ ನೋಟದ ಫಲ. ಆ ಏರಿಳಿತದೊಳಗಣ ಬದುಕನ್ನು ಪರೀಕ್ಷಿಸಿದ ಈಚಿನವರಿಗೆ ಅದೇ ಮೂರು ಅರ್ಥಗಳು ಕಾರ್ಯಕಾರಣಭಾವದಿಂದ ಕೂಡಿಕೊಂಡು ಕಂಡವು.

ಆದುದರಿಂದ ಸಮುದ್ರವು ವೇಲೆಯನ್ನು ಮೀರದೆಂಬ ಉಪಮೆಯನ್ನು ವ್ಯಾಖ್ಯಾನಿಸುವಾಗ ಅಲ್ಲಿ ವೇಲೆಯೆಂದರೆ ದಡವಲ್ಲ, ಪರ್ವಕಾಲದ ಉಬ್ಬರದ ಕಡೆಯ ಮೇರೆಯೆಂದು ಹೇಳುವುದು ಯುಕ್ತ. ಹಾಗೆ ಹೇಳಿದಾಗ ಉಪಮೆಯ ರಸವೂ ಹೆಚ್ಚುತ್ತದೆ. ಚಲಿಸದೆ ನಿಂತ ವಸ್ತುವು ಮೀರದಿರುವುದರಲ್ಲಿ ಹೆಚ್ಚಳವೇನೂ ಇಲ್ಲ. ಗೋಡೆಯ ಹಿಂದಿನ ನೀರು ಗೋಡೆಯನ್ನು ಮೀರದಿರುವುದು ಗೋಡೆಯ ಗುಣ, ನೀರಿನ ಗುಣವಲ್ಲ. ದಿನಕ್ಕೆರಡು ಬಾರಿ ಮುಂದೊತ್ತಿ, ಮೀರಬಲ್ಲ ಶಕ್ತಿಯಿದ್ದೂ ಕಾಲವರಿತು ಹಿಂಜರಿಯುವುದೇ ಮರ್ಯಾದೆ. ಸತ್ಪುರುಷನಿಗೂ ಅರಸನಿಗೂ ಉಪಮಾನವಾಗಿ ಕವಿಗಳು ಹಿಡಿದುದು ಇದನ್ನೇ.

ಬಂಡೆಯ ಮೇಲಿನ ಜೀವಿಗಳು ಇದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತವೆ. ಮರ್ಯಾದೆಯು ಒಬ್ಬನು ತಾನಾಗಿ ಇಟ್ಟುಕೊಳ್ಳುವುದಷ್ಟೇ ಅಲ್ಲ. ಸುತ್ತಲಿನವರೆಲ್ಲರೂ ತಮ್ಮ ತಮ್ಮ ಸ್ಥಾನದಲ್ಲಿದ್ದು ಹಿಡಿದಿರುವ ತನಕ ನಿಲ್ಲುವುದು. ನಕ್ಷತ್ರಮೀನು ತೊಲಗಿದ ಬಂಡೆಯ ಮೇಲೆ ಕಡಲು ಮೊದಲಿನಂತೆಯೇ ವೇಳೆಗೆ ಸರಿಯಾಗಿ ಬಂದುಹೋಗುತ್ತಿತ್ತು. ಆದರೂ ಅಲ್ಲಿನ ವೇಲೆಯು ತಪ್ಪಿಹೋಗಿತ್ತು.